ಮೇಕೆ ಮೆಚ್ಚಿದ ತಾಯಿಗಿಡ

ಗಿಡ ಆರಿಸುವುದರಲ್ಲಿ ನಮ್ಮ ಪ್ರಯೋಗಾಲಯದ ನಿರ್ದೇಶಕರದು ಎತ್ತಿದ ಕೈ. ಎಲೆಯಲ್ಲಿ ಜ್ವರದ ಔಷಧಿಗೆ ಬೇಕಾದ ಕಹಿ ಅಂಶವಿರುವ ಒಂದು ಪೊದೆಯನ್ನು ಬಾಟಲಿಗಳಲ್ಲಿ ಸಾವಿರಗಟ್ಟಲೆ ಬೆಳೆಸುವುದು ನಮ್ಮ ಕೆಲಸ. ತಾಯಿಗಿಡದ ಕುಡಿ ಕತ್ತರಿಸಿ, ಸಕ್ಕರೆ, ಲವಣ ಬೆರೆಸಿದ ಲೋಳೆಯಲ್ಲಿ ಊರಿದರೆ ತಾಯಿಯ ಪಡಿಯಚ್ಚಿನಂಥ ಸಸಿಗಳು ಹುಟ್ಟುತ್ತವೆ. ತಾಯಿಗಿಡ ಗೊತ್ತುಮಾಡುವ ಮೊದಲು ಎಲೆಯ ಕಹಿ ಅಳೆಯಬೇಕೆಂಬುದು ನಿಯಮ. ನಿರ್ದೇಶಕರು ಆ ಗೋಜಿಗೇ ಹೋಗಲಿಲ್ಲ. ಸೋಫಾ ಕೊಳ್ಳಲು ಬಂದವರ ಹಾಗೆ ತಮ್ಮ ಕಿಟಕಿಯೆದುರಿನ ಸೊಂಪಾದ ಗಿಡ ತೋರಿಸಿ, "ಎಷ್ಟು ಕಳೆಯಾಗಿದೆ ನೋಡಮ್ಮ. ಇದೇ ಇರಲಿ" ಎಂದರು.

ಅಲ್ಲಿ ಮಾಲಿಯಾಗಿದ್ದವರು ನನ್ನ ಚಿಕ್ಕಪ್ಪ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವರೂ ಅವರೇ.

"ಸಾರ್, ಮೇಕೆ ತಿಂದುಹಾಕುತ್ತೆ ಅಂತಾನೇ ಅದಕ್ಕೆ ಬೇಲಿ ಹಾಕ್ಸಿದ್ದು" ಎಂದರು ಚಿಕ್ಕಪ್ಪ. "ಗೋಡೆ ಪಕ್ಕದ ಬಡಕಲು ಗಿಡಾನ ಒಂದು ಮೇಕೆನೂ ಮೂಸಲ್ಲ. ಕಹಿ ಇರೋದು ಅದರಲ್ಲಿ."

"ಹಾಗಾದ್ರೆ ಮೇಕೆಗಳನ್ನೇ ವಿಜ್ಞಾನಿ ಮಾಡೋಣ ಬಿಡಪ್ಪ" ಎಂದರು ನಿರ್ದೇಶಕರು.

ಎಲ್ಲರೂ ನಕ್ಕರು. ನಾನು ತುಸು ಜೋರಾಗಿಯೇ ನಕ್ಕೆ, ಏಕೆಂದರೆ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಎರಡು ವರ್ಷ ಕತ್ತರಿಸಿದೆ, ಊರಿದೆ. ಹನ್ನೆರಡು ಸಾವಿರ ಸಸಿಗಳಾದವು, ಒಂದಕ್ಕಿಂತ ಒಂದು ಲಕ್ಷಣ. ಔಷಧಿ ಕಂಪನಿಯವರು ಪರೀಕ್ಷಿಸಿ ಬರೆದರು: ಕಹಿ ಅಂಶ ಇಲ್ಲವೇ ಇಲ್ಲ. ಅಷ್ಟು ಮಕ್ಕಳಲ್ಲಿ ಒಂದೂ ತಾಯಿಗೆ ದ್ರೋಹ ಬಗೆದಿರಲಿಲ್ಲ.

ನಿರ್ದೇಶಕರು ನನ್ನನ್ನು ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು, ನನ್ನನ್ನು ಕಾಯಂ ಮಾಡುವ ಆದೇಶ. ಇನ್ನೊಂದು, ಮಾಲಿಯೇ ತಪ್ಪು ಗಿಡದ ಕುಡಿ ತಂದುಕೊಟ್ಟನೆಂಬ ಹೇಳಿಕೆ. ಕೆಳಗೆ ನನ್ನ ಸಹಿಗೆ ಜಾಗ.

"ಒತ್ತಾಯ ಏನಿಲ್ಲಮ್ಮ. ನಿನ್ನ ಮನಸ್ಸಾಕ್ಷಿ ಹೇಳಿದಂತೆ ಮಾಡು."

ನನ್ನ ಮನಸ್ಸಾಕ್ಷಿ ಬಹಳ ವಿನಯವಂತ, ದೊಡ್ಡವರೆದುರು ಬಾಯಿ ಬಿಡುವುದಿಲ್ಲ. ಸಹಿ ಹಾಕಿದೆ.

ವಾರದೊಳಗೆ ಚಿಕ್ಕಪ್ಪನನ್ನು ಕೆಲಸದಿಂದ ತೆಗೆದರು. ಆ ಸಂಜೆ ಅವರು ಅಡುಗೆಮನೆಯಲ್ಲಿ ಕೂತು ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದರು.

"ನಿಂದು ಕಾಯಂ ಆಯ್ತಂತಲ್ಲ?"

"ಹೂಂ."

"ಸದ್ಯ. ನನ್ನ ದೆಸೆಯಿಂದ ನಿನಗೆ ತೊಂದರೆ ಆಗುತ್ತೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ನನ್ನ ಮೇಲೆ ಏನಾದ್ರೂ ಬರೆದುಕೊಡು ಅಂದ್ರೆ ಸುಮ್ನೆ ಕೊಟ್ಟುಬಿಡು ಅಂತ ಹೇಳೋಣ ಅಂತಿದ್ದೆ. ಕೇಳಲಿಲ್ಲ ತಾನೆ?"



"ಇಲ್ಲ ಚಿಕ್ಕಪ್ಪ" ಎಂದೆ.