ಮೋತ್ಯಾನ ಸಲುವಾಗಿ

ನಮ್ಮೂರಿನಿಂದ ಚಿಂಚಲಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಾಲುವೆ ಮೋರಿ ಇದೆ. ಧನಪಾಲ ಕಾಕಾ ದಿನಾ ಬೆಳಿಗ್ಗೆ ಕಬ್ಬಿನ ಹೊಲಕ್ಕೆ ಹೋಗುವಾಗ ಆ ಮೋರಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವರ ನಾಯಿ ಮೋತ್ಯಾ ನಾಲಿಗೆ ಚಾಚಿಕೊಂಡು ಕಾಲ ಬಳಿ ಮಲಗಿರುತ್ತಿತ್ತು. ನಾನು ಈ ಊರಿನ ಆಶಾ ಕಾರ್ಯಕರ್ತೆ, ಹೆಸರು ಉಜ್ವಲಾ. ತೋಟದ ಮನೆಗಳಿಗೆ ಹೋಗಲು ನನಗೂ ಅದೇ ದಾರಿ.

"ಯಾಕ ಕಾಕಾ, ಇಲ್ಲೇ ಕುಂತ್ರಿ?" ಎಂದು ಕೇಳಿದರೆ ಅವರದು ಒಂದೇ ಉತ್ತರ.

"ಮೋತ್ಯಾಗ ದಮ್ಮ ಹತ್ತೈತಿ. ಅದರ ಸಲುವಾಗಿ ಕುಂತೀನಿ."

ಕಾಕಾ ಜೈನರು, ಇರುವೆಯನ್ನೂ ತುಳಿಯದಂತೆ ನೋಡಿ ನಡೆಯುವವರು. ಮುದಿ ನಾಯಿಗಾಗಿ ಕೂರುವುದು ಅವರಿಗೆ ತಕ್ಕುದೇ ಎಂದು ಊರೆಲ್ಲ ಹೊಗಳಿತು. ನಾನೂ ಹೊಗಳಿದೆ. ಈಗ ನೆನೆದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಜನರ ಆರೋಗ್ಯ ನೋಡಲು ತಿರುಗುವ ನಾನು ಅಷ್ಟು ದಿನ ನಾಯಿಯನ್ನಷ್ಟೇ ನೋಡಿದ್ದೆ.

ಇದು 2013ರ ಚಳಿಗಾಲದ ಮಾತು. ಮೋತ್ಯಾ ಎರಡು ತಿಂಗಳಿಂದ ಕೆಮ್ಮುತ್ತಿತ್ತು. ಮಲಗಿದರೆ ಕೆಮ್ಮು ಹೆಚ್ಚು.

"ಎಲುಬ ಸಿಕ್ಕೊಂಡೈತಿ ನೋಡ್ರಿ ಗಂಟಲದಾಗ" ಎಂದಳು ಪಕ್ಕದ ಮನೆಯ ತಾರವ್ವ.

ಕಾಕಾನ ಹೆಂಡತಿ ಸುಗಂಧಾ ಕಾಕುವಿಗೆ ರೇಗಿತು. "ನಮ್ಮ ಮನ್ಯಾಗ ಎಲುಬ ಎಲ್ಲಿಂದ ಬರಬೇಕ ತಾರವ್ವಾ? ಹಾಲು ರೊಟ್ಟಿ ತಿಂದ ಬೆಳದ ನಾಯಿ ಅದು."

ಆಮೇಲೆ ಅದರ ಹೊಟ್ಟೆ ಉಬ್ಬಿತು. ಉಂಡು ಉಂಡು ದಪ್ಪವಾಗಿದೆ ಎಂದುಕೊಂಡರು. ಒಂದು ಬೆಳಿಗ್ಗೆ ನಾನು ಸೊಳ್ಳೆ ಮರಿ ಇದೆಯೇ ಎಂದು ಅವರ ಮನೆಯ ನೀರಿನ ತೊಟ್ಟಿ ನೋಡುತ್ತಿದ್ದೆ. ಕಾಕು ರೊಟ್ಟಿ ಚೂರು ತೋರಿಸಿ ಕರೆದರು. ಮೋತ್ಯಾ ಎದ್ದು ನಾಲ್ಕು ಹೆಜ್ಜೆ ಇಟ್ಟಿತು, ಅಂಗಳದ ನಡುವೆ ಧೊಪ್ಪನೆ ಬಿತ್ತು. ಸತ್ತೇಹೋಯಿತೆಂದು ಕಾಕು ತಲೆಯ ಮೇಲೆ ಕೈ ಹೊತ್ತರು. ಅರೆಗಳಿಗೆಯಲ್ಲಿ ಅದು ಕಣ್ಣು ಬಿಟ್ಟಿತು.

ಪಶು ಆಸ್ಪತ್ರೆಯ ಡಾಕ್ಟರ್ ಮಾಳಸಿದ್ದ ಬೈಕಿನಲ್ಲಿ ಬಂದರು. ಮೋತ್ಯಾನ ತುಟಿ ಎತ್ತಿ ಒಸಡು ನೋಡಿದರು. ಗುಲಾಬಿ ಬಣ್ಣ ಹೋಗಿ ಬೂದಿಯಂತಾಗಿತ್ತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಗಂಟಲದಾಗ ಏನೂ ಇಲ್ರಿ. ಇದರ ಹೃದಯ ಸೋತೈತಿ" ಎಂದರು. "ಮಲಗಿದಾಗ ಕೆಮ್ಮೂದು, ಸ್ವಲ್ಪ ನಡದ್ರ ದಣಿಯೂದು, ಹೊಟ್ಟಿ ಉಬ್ಬೂದು, ಹಿಂಗ ಎಚ್ಚರ ತಪ್ಪಿ ಬೀಳೂದು, ಎಲ್ಲಾ ಅದರದ ಗುರ್ತು. ನಿದ್ದಿಯೊಳಗ ಇದರ ಉಸರ ಎಣಿಸ್ರಿ. ಎದಿ ಏರಿ ಇಳದ್ರ ಒಂದು. ನಿಮಿಷಕ್ಕ ಮೂವತ್ತರ ಮ್ಯಾಲ ಹೋತಂದ್ರ ನನಗ ಫೋನ್ ಮಾಡ್ರಿ, ತಡಾ ಮಾಡಬ್ಯಾಡ್ರಿ."

"ಇದು ಮನಷ್ಯಾರಿಗಿ ಹತ್ತತೈತೇನ್ರಿ?" ಕಾಕು ಹೆದರಿ ಕೇಳಿದರು.

"ಹತ್ತೂದಿಲ್ರಿ. ನಾಯಿ ಜಡ್ಡ ಬ್ಯಾರೆ, ನಮ್ಮದು ಬ್ಯಾರೆ. ಆದ್ರ ಹೃದಯ ಸೋತಾಗ ಇಬ್ಬರೂ ಮೊದಲ ಮಾಡೂದು ಒಂದ. ದಾರ್ಯಾಗ ಕುಂದರತಾರ."

ಗುಳಿಗೆ ಕೊಟ್ಟು, ಮೋತ್ಯಾನನ್ನು ಹೊಲಕ್ಕೆ ಕರೆದೊಯ್ಯಬೇಡಿ ಎಂದು ಹೇಳಿ ಅವರು ಹೋದರು.

ನಾಲ್ಕನೆಯ ದಿನ ಸುಗಂಧಾ ಕಾಕು ನನ್ನ ಮನೆ ಬಾಗಿಲಿಗೆ ಓಡಿಬಂದರು. ಕೈಯಲ್ಲಿ ಬುತ್ತಿ ಗಂಟು ಹಾಗೇ ಇತ್ತು.

"ಉಜ್ವಲಾ, ಬುತ್ತಿ ಬಿಟ್ಟ ಹೋಗಿದ್ರಂತ ಅವರ ಹಿಂದ ಹೊಂಟಿದ್ದೆ. ಮೋರಿ ಮ್ಯಾಲ ಕುಂತಾರವ್ವಾ. ಎದಿ ಮ್ಯಾಲ ಕೈ ಇಟಗೊಂಡ ಕುಂತಾರ. ನಾಯಿ ಮನ್ಯಾಗ ಐತಿ. ಮತ್ತ ಅವರು ಯಾರ ಸಲುವಾಗಿ ಕುಂತಾರ?"

ಡಾಕ್ಟರ್ ಮಾಳಸಿದ್ದ ಹೇಳಿದ್ದ ಮಾತು ನೆನಪಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಧ್ಯಾಹ್ನ ಅವರ ಮನೆಗೆ ಹೋದೆ. ಕಾಕಾ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುತ್ತ ಕೂತಿದ್ದರು. ಮೊದಲು ಏನೂ ಇಲ್ಲ ಅಂದರು. ಮೋರಿಯ ಮೇಲೆ ಕೂರುವುದು ರೂಢಿಯಾಗಿದೆ ಅಂದರು. ಬಿಡದೆ ಕೇಳಿದ ಮೇಲೆ ಒಂದೊಂದೇ ಹೊರಬಂತು.

"ಏರ ಹತ್ತುವಾಗ ಎದಿ ಸ್ವಲ್ಪ ಬಿಗಿತೈತಿ. ಕುಂತ್ರ ಬಿಡತೈತಿ. ಪಿತ್ತ ಅದು. ಹೊತ್ತು ಮುಳುಗೂದರಾಗ ಉಣಬೇಕಂತ ಅವಸರಲೆ ನುಂಗತೀನಿ, ಕೂಡಲೇ ಎದ್ದ ದನಾ ಕಟ್ಟಾಕ ಹೋಗತೀನಿ. ಅದಕ್ಕ ಏರತೈತಿ."

"ನಡದಾಗ ಹಿಡದು ಕುಂತಾಗ ಬಿಡೂದು ಪಿತ್ತ ಅಂತ ಸುಮ್ಮನ ಕುಂದರಬಾರದ್ರಿ ಕಾಕಾ. ಅದು ಹೃದಯದ್ದ ಇರಬಹುದು. ಬಿಪಿ ಗುಳಿಗಿ ತಗೋತೀರಿಲ್ಲೋ?"

"ಅದನ್ನ ಬಿಟ್ಟ ವರ್ಷ ಆತು. ಅರಾಮ ಆಗೈತಲ್ಲ."

ಅವರ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದೆ. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು, ಕಾಲು ಬಾತಿತ್ತು. ಕಾಕು ಅದನ್ನು ನೋಡಿದರು, ಬಾಯಿಗೆ ಸೆರಗು ಒತ್ತಿಕೊಂಡರು.

"ನಾಳೇನ ದವಾಖಾನಿಗೆ ಹೋಗೂನು ನಡೀರಿ. ಇಸಿಜಿ ತೆಗೀತಾರ. ಏನೂ ನೋವ ಇರೂದಿಲ್ಲ" ಎಂದೆ.

ಕಾಕಾ ನಕ್ಕುಬಿಟ್ಟರು. "ನಾ ಏನ ನಾಯೇನ ತಂಗಿ? ದನದ ಡಾಕ್ಟರ್ ಮಾತ ಕೇಳಿ ನನಗ ಜಡ್ಡ ಹಚ್ಚಾಕ ಬಂದೀರಿ ಇಬ್ಬರೂ. ಕಬ್ಬ ಕಡಿಯೋ ಟೋಳಿ ಬಂದೈತಿ. ಕಬ್ಬ ಹೋಗಲಿ, ಆಮ್ಯಾಲ ನೋಡೂನು."

ಎತ್ತಿಕೊಂಡು ಹೋಗಲು ಅವರೇನು ಕೂಸಲ್ಲ. ಎದ್ದು ಬಂದೆ. ಎರಡು ದಿನ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು.

ಮೂರನೆಯ ಸಂಜೆ ಆ ಫೋನ್ ಬಂದೇ ಬಂತು. "ಲಗೂನ ಬಾ" ಎಂದರು ಕಾಕು.

ಓಡಿದೆ. ಕಾಕಾ ಪಡಸಾಲೆಯ ಕಂಬಕ್ಕೆ ಒರಗಿದ್ದರು. ಡಿಸೆಂಬರ್ ಚಳಿಯಲ್ಲಿ ಅವರ ಬನಿಯನ್ ಹಿಂಡಿದರೆ ನೀರಿಳಿಯುವಷ್ಟು ತೊಯ್ದಿತ್ತು. ಮುಖ ಬಣ್ಣಗೆಟ್ಟಿತ್ತು, ಮೋತ್ಯಾನ ಒಸಡಿನ ಹಾಗೆ. ನೋಯುತ್ತಿದ್ದ ಎಡಗೈಯನ್ನು ಒತ್ತಿ ಹಿಡಿದಿದ್ದರು.

"ಪಿತ್ತ... ಈಗರ ಉಂಡೀನಿ..." ಎಂದರು. ನೋವು ದವಡೆಯತನಕ ಏರಿದೆ ಎಂದು ಕೈಯಲ್ಲಿ ತೋರಿಸಿದರು.

ಅಂಗಳದಲ್ಲಿ ಜನ ಸೇರಿತು. ಒಬ್ಬರು ಸೋಡಾ ಕುಡಿಸಿ ಅಂದರು. ಇನ್ನೊಬ್ಬರು ತೇಗು ಬರುವವರೆಗೆ ನಾಲ್ಕು ಸುತ್ತು ನಡೆಸಿ ಎಂದು ರಟ್ಟೆ ಹಿಡಿದು ಎಬ್ಬಿಸಲು ಬಂದರು.

"ಒಂದ ಹೆಜ್ಜೀನೂ ನಡಸಬ್ಯಾಡ್ರಿ" ಎಂದು ನಾನು ಅಡ್ಡ ನಿಂತೆ. 108ಕ್ಕೆ ಫೋನ್ ಮಾಡಿದೆ. ಕಾಕಾನನ್ನು ಗೋಡೆಗೆ ಒರಗಿಸಿ ಅರೆಕೂತಂತೆ ಮಾಡಿ, ಜನರನ್ನು ಹಿಂದೆ ಸರಿಸಿದೆ.

ಗಾಡಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಉದ್ದದ ಇಪ್ಪತ್ತು ನಿಮಿಷವನ್ನು ನಾನು ಕಂಡಿಲ್ಲ. ಮೋತ್ಯಾ ತೆವಳುತ್ತ ಬಂದು ಕಾಕಾನ ಪಾದದ ಹತ್ತಿರ ಮಲಗಿತು. ಅದೂ ಏದುತ್ತಿತ್ತು, ಅವರೂ ಏದುತ್ತಿದ್ದರು. ಕಾಕು ತುಟಿ ಅಲುಗಿಸುತ್ತ ಏನೋ ಎಣಿಸುತ್ತಿದ್ದರು. ಯಾರ ಉಸಿರು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ದವಾಖಾನೆಗೆ ಮುಟ್ಟಿದಾಗ ಸೂರ್ಯ ಮುಳುಗಿಯಾಗಿತ್ತು. ಇಸಿಜಿ ಪಟ್ಟಿ ನೋಡುತ್ತಲೇ ಡಾಕ್ಟರ್ ಮುಖ ಬಿಗಿಯಿತು. "ಹೃದಯಾಘಾತ" ಎಂದರು. ಅಂಗೈಯಲ್ಲಿ ಗುಳಿಗೆ ಹಿಡಿದು, "ಇವನ್ನ ಈಗಲೇ ಅಗಿದು ನುಂಗ್ರಿ" ಎಂದರು.

ಕಾಕಾ ಕಿಟಕಿಯ ಕಡೆ ನೋಡಿದರು. ಹೊರಗೆ ಕತ್ತಲಿತ್ತು. ತುಟಿ ಬಿಗಿದು ಮುಖ ತಿರುಗಿಸಿದರು.

"ಹೊತ್ತು ಮುಳುಗೈತ್ರಿ. ನಾಳೆ ಹೊತ್ತು ಹುಟ್ಟಿದ ಮ್ಯಾಲ ತಗೋತೀನಿ."

ಮೂವತ್ತು ವರ್ಷದಿಂದ ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರನ್ನೂ ಮುಟ್ಟದ ಮನುಷ್ಯ. ಡಾಕ್ಟರ್ ಬೇಡಿದರು, ಬೈದರು. ಕಾಕಾ ಬಾಯಿ ತೆರೆಯಲಿಲ್ಲ. ಕಣ್ಣ ಮುಂದೆಯೇ ಹೋಗಿಬಿಡುತ್ತಾರೆ ಎನ್ನಿಸಿತು.

ಆಗ ಕಾಕು ಡಾಕ್ಟರ್ ಕೈಯಿಂದ ಗುಳಿಗೆ ಇಸಿದುಕೊಂಡು ಗಂಡನ ಮೇಲೆ ಬಾಗಿದರು.

"ರಾತ್ರಿ ಬಾಯಿ ಕಟ್ಟಿದ್ದು ಯಾಕ್ರಿ ನೀವು? ಕತ್ತಲ್ಯಾಗ ಕಾಣಲಾರದ ಹುಳಾ ಬಾಯಾಗ ಹೋಗಿ ಸಾಯಬಾರದಂತ. ಜೀವಾ ಉಳಸಾಕಂತ. ಈಗ ನನ್ನ ಕಣ್ಣ ಮುಂದ ಒಂದ ಜೀವ ಹೊಂಟೈತಿ. ಅದು ಹುಳಕ್ಕಿಂತ ಕಡಿಮ್ಯೇನ್ರಿ?"

ಕಾಕಾ ಹೆಂಡತಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಬಾಯಿ ತೆರೆದು ಗುಳಿಗೆ ಅಗಿದು ನುಂಗಿದರು.

ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮುಚ್ಚಿದ್ದ ರಕ್ತನಾಳವನ್ನು ಅಲ್ಲಿ ತೆರೆದರು. ವಾರದ ಮೇಲೆ ಕಾಕಾ ಮನೆಗೆ ಬಂದರು. ಡಾಕ್ಟರನ್ನು ಕೇಳಿ ಗುಳಿಗೆಗಳನ್ನೆಲ್ಲ ಹಗಲಿನ ಹೊತ್ತಿಗೇ ಹೊಂದಿಸಿಕೊಂಡಿದ್ದಾರೆ. ಈಗ ಒಂದನ್ನೂ ತಪ್ಪಿಸುವುದಿಲ್ಲ. ತಂಬಾಕಿನ ಚೀಲವನ್ನು ಕಾಕು ತಿಪ್ಪೆಗೆ ಎಸೆದರು. ವ್ರತವೂ ಉಳಿಯಿತು, ಕಾಕಾನೂ ಉಳಿದರು.

ಮೋತ್ಯಾ ಗುಳಿಗೆಯ ಬಲದಲ್ಲಿ ಯುಗಾದಿಯವರೆಗೆ ಬದುಕಿ, ಅಂಗಳದಲ್ಲೇ ಕಣ್ಣು ಮುಚ್ಚಿತು. ಮೊನ್ನೆ ಅದೇ ದಾರಿಯಲ್ಲಿ ಹೋಗುವಾಗ ಕಾಕಾ ಮೋರಿಯ ಮೇಲೆ ಒಬ್ಬರೇ ಕೂತಿದ್ದರು. ನನ್ನ ಎದೆ ಮತ್ತೆ ಧಸಕ್ಕೆಂದಿತು.

"ಯಾಕ ಕಾಕಾ, ಕುಂತ್ರಿ?"

"ಹೆದರಬ್ಯಾಡ ತಂಗಿ, ಎದಿ ಹಿಡದಿಲ್ಲ. ಡಾಕ್ಟರ್ ನಡುನಡುವ ಕುಂತ ಹೋಗು ಅಂದಾರ. ನನ್ನ ಸಲುವಾಗಿ ಕುಂತೀನಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯವರನ್ನು ಒಮ್ಮೆ ಸರಿಯಾಗಿ ನೋಡಿ. ನಡೆದಾಗ ಎದೆ ಬಿಗಿಯುತ್ತದೆಯೇ? ಮಲಗಿದಾಗ ಉಸಿರು ಕಟ್ಟುತ್ತದೆಯೇ? ಕಾಲು ಬಾತಿದೆಯೇ? ಪಿತ್ತ ಎಂದು ತಳ್ಳಿಹಾಕದೆ ದವಾಖಾನೆಗೆ ಕರೆದುಕೊಂಡು ಹೋಗಿ. ಬಿಪಿ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ಬಿಡಬೇಡಿ. ತಣ್ಣನೆ ಬೆವರು ಬಂದು ನೋವು ಎಡಗೈಗೆ, ದವಡೆಗೆ ಹರಿದರೆ ನಡೆಸಬೇಡಿ, ಮನೆಮದ್ದು ಮಾಡುತ್ತ ಕೂರಬೇಡಿ, ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಮನೆಯ ನಾಯಿ ಕೆಮ್ಮಿ, ದಣಿದು, ಹೊಟ್ಟೆ ಉಬ್ಬಿದರೆ ಪಶು ವೈದ್ಯರಿಗೆ ತೋರಿಸಿ. ಅದಕ್ಕೆ ಹೇಳಿಕೊಳ್ಳಲು ಬಾಯಿಲ್ಲ.

ಬಾಯಿದ್ದೂ ಹೇಳದವರು ನಮ್ಮ ಮನೆಗಳಲ್ಲೇ ಇದ್ದಾರೆ. ಇವತ್ತು ಅವರು ದಾರಿಯಲ್ಲಿ ಕೂತರೆ, ಯಾರ ಸಲುವಾಗಿ ಕುಂತೀರಿ ಎಂದು ಕೇಳಿ. ಉತ್ತರ ಸಿಗುವ ತನಕ ಬಿಡಬೇಡಿ.