ಕಷಾಯದಕ್ಕನ ಕೈಗುಣ

ಆಸ್ಪತ್ರೆಯ ಬೆಂಚಿನ ಮೇಲೆ ಕಷಾಯದಕ್ಕನಿಗೆ ಕೂರಲಾಗುತ್ತಿರಲಿಲ್ಲ. ಕೂರುವಳು, ಏಳುವಳು, ವಾರ್ಡಿನ ಬಾಗಿಲ ಗಾಜಿಗೆ ಮೂಗು ಒತ್ತಿ ಒಳಗೆ ನೋಡುವಳು, ಮತ್ತೆ ಬಂದು ಕೂರುವಳು. "ಅಮ್ಮಾ, ನಿಮ್ಮನ್ನ ನೋಡಿ ನಮಗೇ ತಲೆ ತಿರುಗ್ತಿದೆ" ಎಂದು ನರ್ಸ್ ಗದರಿದ ಮೇಲೂ ಕಾಲು ಕೇಳಲಿಲ್ಲ.

ಒಳಗೆ ಮಲಗಿದ್ದವನು ಅವಳ ಗಂಡ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು, ಗಂಟಲೇ ಅವನ ಬಂಡವಾಳ. ಆ ಬೆಳಿಗ್ಗೆ ಎಲೆಕೋಸಿನ ರಾಶಿಯ ಮುಂದೆ ನಿಂತು "ಒಂದ್ಸಲ, ಎರಡ್ಸಲ" ಎನ್ನುವಷ್ಟರಲ್ಲಿ ಕಾಲಲ್ಲಿ ಶಕ್ತಿಯೇ ಇಲ್ಲದಂತಾಗಿ ಆ ರಾಶಿಯ ಮೇಲೆಯೇ ಕುಸಿದಿದ್ದ. ದಿನವೂ ತಪ್ಪದೆ ಮಾತ್ರೆ ನುಂಗುತ್ತಿದ್ದರೂ ಬಿಪಿ ಏರಿ ಕೂತಿತ್ತು.

"ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಾರಾ?" ಎಂದು ಡಾಕ್ಟರಮ್ಮ ಕೇಳಿದಾಗ ಇವಳು "ಏನೂ ಇಲ್ಲ" ಎಂದುಬಿಟ್ಟಿದ್ದಳು. ಆಗಿನಿಂದ ಶುರುವಾಗಿತ್ತು ಈ ಚಡಪಡಿಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವಳನ್ನು ಯಾರೂ ಕಳ್ಳಿ ಅಂದೂ ಇರಲಿಲ್ಲ.

ಅವಳ ಪ್ರಕಾರ ಅದು ಪೂರಾ ಸುಳ್ಳೂ ಅಲ್ಲ. ಜ್ಯೇಷ್ಠಮಧುವಿನ ಬೇರು ಔಷಧಿ ಹೇಗಾದೀತು? ಗಂಡನ ಗಂಟಲು ಒಡೆಯದಿರಲೆಂದು ಬೆಳಿಗ್ಗೆ ಒಂದು ಲೋಟ ಕಷಾಯ, ಸಂಜೆ ಒಂದು ಲೋಟ, ಮಾರುಕಟ್ಟೆಗೆ ಒಂದು ಫ್ಲಾಸ್ಕು. ಚಳಿಗಾಲದಲ್ಲಿ ಶುರುವಾದದ್ದು ಚಳಿ ಹೋದರೂ ನಿಂತಿರಲಿಲ್ಲ. ಬೇರು ತಾನೆ, ಒಳ್ಳೇದು ಮಾಡದಿದ್ದರೂ ಕೆಟ್ಟದ್ದಂತೂ ಮಾಡಲ್ಲ. ಬೀದಿಗೆಲ್ಲ ಇದನ್ನೇ ಹೇಳಿ ಹೇಳಿ ಕಷಾಯದಕ್ಕ ಎಂಬ ಹೆಸರು ಪಡೆದಿದ್ದಳು. ಯಾರಿಗೆ ಕೆಮ್ಮು ಬಂದರೂ, ಹೊಟ್ಟೆ ಉಬ್ಬರಿಸಿದರೂ, ನಿದ್ದೆ ಹತ್ತದಿದ್ದರೂ ಅವಳ ಬಾಗಿಲು ತಟ್ಟುತ್ತಿದ್ದರು. "ನಿಮ್ಮ ಕೈಗುಣ ದೊಡ್ಡದು ಅಕ್ಕಾ" ಎಂದು ಹೊಗಳಿದರೆ ಇವಳು ಉಬ್ಬಿಹೋಗುತ್ತಿದ್ದಳು. ಈಗ ಬಾಯಿಬಿಟ್ಟರೆ ಆ ಹೆಸರು ಮಣ್ಣುಪಾಲು. ಬಿಡದಿದ್ದರೆ ಗಂಡನ ಗತಿ? ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು.

ಅಷ್ಟರಲ್ಲಿ ನಾದಿನಿ ಏದುಸಿರು ಬಿಡುತ್ತಾ ಬಂದಳು. ಬಗಲಲ್ಲಿ ಫ್ಲಾಸ್ಕಿತ್ತು.

"ಅತ್ತಿಗೆ, ಅಣ್ಣಂಗೆ ನಿಮ್ಮ ಕಷಾಯಾನೇ ಕಾಯಿಸ್ಕೊಂಡು ಬಂದೆ. ಬೇಗ ಹುಷಾರಾಗ್ಲಿ ಅಂತ ಬೇರು ಎರಡರಷ್ಟು ಹಾಕಿದೀನಿ."

ಹೇಳುತ್ತಲೇ ವಾರ್ಡಿನ ಬಾಗಿಲು ತಳ್ಳಿದಳು. ಕಷಾಯದಕ್ಕ ದಡಬಡಿಸಿ ಎದ್ದಳು. ಹಿಂದಿನಿಂದ ಹೋಗಿ ಫ್ಲಾಸ್ಕು ಕಿತ್ತುಕೊಂಡಳು.

"ಏನತ್ತಿಗೆ ಇದು! ಬಿಸಿ ಇದೆ, ಚೆಲ್ಲುತ್ತೆ!"

"ಚೆಲ್ಲಿದ್ರೆ ಚೆಲ್ಲಲಿ ಬಿಡು."

ನೇರ ಡಾಕ್ಟರಮ್ಮನ ಕೋಣೆಗೆ ನುಗ್ಗಿ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. "ಆಗ ಏನೂ ಇಲ್ಲ ಅಂದೆ ಡಾಕ್ಟ್ರೇ. ಸುಳ್ಳು ಹೇಳಿದೆ. ಇದನ್ನ ಕೊಡ್ತಿದ್ದೆ, ದಿನಾ."

ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿ, ಏನೆಂದು ಕೇಳಿ ತಿಳಿದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಇವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಈ ಬೇರನ್ನ ಬಹಳ ದಿನ ತಗೊಂಡ್ರೆ ಬಿಪಿ ಏರುತ್ತೆ, ಮೈಯಲ್ಲಿರೋ ಪೊಟ್ಯಾಸಿಯಂ ಇಳಿಯುತ್ತೆ. ಅವರು ನುಂಗೋ ಬಿಪಿ ಮಾತ್ರೇನೂ ಪೊಟ್ಯಾಸಿಯಂ ಇಳಿಸೋ ಅಂಥದ್ದೇ. ಎರಡೂ ಸೇರಿ ಕಾಲಿನ ಶಕ್ತಿ ಹೋಗಿದೆ. ಈಗಲಾದ್ರೂ ಹೇಳಿದ್ರಲ್ಲ, ಸರಿಹೋಗ್ತಾರೆ."

"ಹಾಗಾದ್ರೆ ಶುಂಠಿ, ಪುದೀನ ಎಲ್ಲಾ ವಿಷಾನಾ?"

"ಅಡುಗೆಗೆ ಹಾಕೋದು ಬೇರೆ, ಔಷಧಿ ಅಂತ ದಿನಾ ಕುಡಿಸೋದು ಬೇರೆ. ಔಷಧಿ ಅಂದ್ಮೇಲೆ ಯಾರಿಗೆ, ಎಷ್ಟು, ಎಷ್ಟು ದಿನ ಅಂತ ನೋಡಬೇಕು. ಮೊದಲೇ ಯಾವ ಮಾತ್ರೆ ತಗೋತಿದಾರೆ ಅಂತಾನೂ ಕೇಳಬೇಕು." ಡಾಕ್ಟರಮ್ಮ ತಲೆಯೆತ್ತಿ ನೋಡಿದಳು. "ಇದನ್ನ ಬೇರೆ ಯಾರಿಗಾದ್ರೂ ಕೊಟ್ಟಿದೀರಾ? ಬಿಪಿ ಇರೋರು, ಬಸುರಿಯರು ತಗೋಬಾರದು."

ಕೊಟ್ಟಿದ್ದಳು. ಕೆಳಮನೆಯ ಟೈಲರ್ ಹುಡುಗಿಗೆ, ಕೆಮ್ಮಿಗೆಂದು. ತುಂಬು ಬಸುರಿ.

ಫೋನ್ ಮಾಡಿದಳು, ಮತ್ತೆ ಮಾಡಿದಳು. ಹೊಲಿಗೆ ಯಂತ್ರದ ಸದ್ದಿನಲ್ಲಿ ಆ ಹುಡುಗಿಗೆ ಫೋನ್ ಎಂದೂ ಕೇಳಿದ್ದಿಲ್ಲ. ನಾದಿನಿಯನ್ನು ಗಂಡನ ಹತ್ತಿರ ಕೂರಿಸಿ ಬಸ್ಸು ಹತ್ತಿದಳು. ಬಸ್ಸು ಸಿಗ್ನಲ್ಲಿನಲ್ಲಿ ಆಮೆಯಾದಾಗ ಕಂಡಕ್ಟರನ ಕೂಗಾಟ ಲೆಕ್ಕಿಸದೆ ಇಳಿದು ನಡೆದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಗಾದೆ ಹೇಳುವ ಬಾಯಿ, ಒಂದು ದಿನವೂ ಆ ಹುಡುಗಿಯನ್ನು ಏನೂ ಕೇಳಿರಲಿಲ್ಲ.

ಟೈಲರ್ ಹುಡುಗಿ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಲೋಟ.

"ಬನ್ನಿ ಅಕ್ಕಾ, ಅಣ್ಣ ಹೇಗಿದಾರೆ? ನಿಮ್ಮ ಕಷಾಯದಿಂದ ನನ್ನ ಕೆಮ್ಮಂತೂ ಪೂರ್ತಿ ನಿಂತೋಯ್ತು ನೋಡಿ."

"ಅದನ್ನ ಕುಡೀಬೇಡ." ಕಷಾಯದಕ್ಕ ಲೋಟ ಎತ್ತಿ ಮೋರಿಗೆ ಸುರಿದಳು. "ನಿಂಗೆ ಕೊಡಬಾರದಾಗಿತ್ತು. ತಪ್ಪು ಮಾಡಿದೆ."

ಹುಡುಗಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಮಗೂಗೆ ಏನೂ ಆಗಲ್ಲ ತಾನೆ ಅಕ್ಕಾ?"

ಏನೂ ಆಗಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆ ಹುಡುಗಿ ನಂಬುತ್ತಿದ್ದಳು, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ನಂಗೊತ್ತಿಲ್ಲ ಕಣಮ್ಮ," ಎಂದಳು. "ಏಳು, ಚಪ್ಪಲಿ ಹಾಕ್ಕೋ. ಡಾಕ್ಟರಮ್ಮನ ಹತ್ರ ಹೋಗೋಣ."

ಎಬ್ಬಿಸಲೆಂದು ಕೈ ಚಾಚಿದಳು. ಹುಡುಗಿ ಆ ಕೈಯನ್ನು ನೋಡಿದಳು, ಆಮೇಲೆ ಗೋಡೆ ಹಿಡಿದುಕೊಂಡು ತಾನೇ ಎದ್ದಳು.