ಹಿಂದೆ ಸರಿದ ಬಿರುಕು

ಆ ಅಂಗಡಿಯಲ್ಲಿ ಬಂದೂಕು ಇರಲಿಲ್ಲ, ಬಂದೂಕಿನ ಸಂಸಾರವಿತ್ತು. ಹೆಗಲಿಗೆ ಹಾಕುವ ತೊಗಲಿನ ಪಟ್ಟಿ, ಹಿತ್ತಾಳೆಯ ಎಣ್ಣೆಡಬ್ಬಿ, ಬಯೊನೆಟ್ಟಿನ ಒರೆ, ನಳಿಗೆಯ ಬಾಯಿಗೆ ಹಾಕುವ ಬಿರಡೆ, ಎಲ್ಲವೂ ಯಜಮಾನ ತೀರಿಕೊಂಡ ಮನೆಯ ಪಾತ್ರೆ ಪಡಗಗಳ ಹಾಗೆ ಗೋಡೆ ತುಂಬ ಅನಾಥವಾಗಿ ನೇತಾಡುತ್ತಿದ್ದವು. ಹಳೆಯ ಸೈನ್ಯದ ಸಾಮಾನು ಕೂಡಿಡುವುದೂ ಒಂದು ಹುಚ್ಚು. ಆ ಹುಚ್ಚು ಹಿಡಿದವರು ಊರೂರಿನಿಂದ ಬಂದು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದರ ಮೇಲಿನ ಮುದ್ರೆ ಯಾರದು? ಅಸಲಿಯೋ, ನಕಲಿಯೋ?

ಉತ್ತರ ಕೊಡುತ್ತಿದ್ದವರು ಅಪ್ಪ, ಮಗಳು. ಅಪ್ಪನಿಗೆ ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು. ಹೋದ ಕಣ್ಣು ಬಲಗೈ ಹೆಬ್ಬೆರಳಿಗೆ ಬಂದು ಕೂತಿತ್ತು. ಮಗಳ ಕೊರಳಲ್ಲಿ ಸದಾ ಒಂದು ಭೂತಗನ್ನಡಿ ಜೋತಾಡುತ್ತಿದ್ದುದರಿಂದ ಬೀದಿಯವರು ಅವಳನ್ನೇ ಭೂತಗನ್ನಡಿ ಎಂದು ಕರೆಯುತ್ತಿದ್ದರು. ಈರುಳ್ಳಿ ಕೊಂಡರೂ ತಿರುಗಿಸಿ ಮುದ್ರೆ ಹುಡುಕುತ್ತಾಳೆ, ಅದಕ್ಕೇ ಗಂಡು ಸಿಗಲಿಲ್ಲ ಎಂದು ಎದುರುಮನೆಯಾಕೆ ಆಡಿಕೊಂಡಿದ್ದಳು. ಸಿಕ್ಕಿದ ಗಂಡುಗಳಲ್ಲಿ ಮುದ್ರೆ ಬಿದ್ದವರು ಯಾರೂ ಇರಲಿಲ್ಲ ಎಂಬುದು ಇವಳ ಉತ್ತರ.

ಅವರ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಮಗಳು ದೀಪವನ್ನು ಓರೆಯಾಗಿಟ್ಟು ನೋಡುವಳು. ಮುದ್ರೆಯ ಮೇಲೆ ತೆಳುಕಾಗದ ಹರಡಿ ಪೆನ್ಸಿಲ್ಲಿನ ಮಗ್ಗುಲಿನಿಂದ ಉಜ್ಜುವಳು. ಆಮೇಲೆ ತುಟಿ ಪಿಟಕ್ಕೆನ್ನದೆ ಸಾಮಾನನ್ನು ಅಪ್ಪನ ಕೈಗೆ ಕೊಡುವಳು. ಅಪ್ಪನ ಬೆರಳಿನ ಕೆಲಸ ಮುಗಿದ ಮೇಲೆ ಅವನು ಒಮ್ಮೆ ಕೆಮ್ಮುವನು, ಆಗ ಇಬ್ಬರೂ ಒಟ್ಟಿಗೆ ಹೇಳಬೇಕು. ಒಬ್ಬರ ಮಾತು ಮೊದಲು ಕಿವಿಗೆ ಬಿದ್ದರೆ ಅದು ಬೆರಳಿಗೂ ಕೇಳಿಸುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಎರಡು ಬಾಯಿಂದ ಒಂದೇ ಉಸಿರಿಗೆ ಬಿದ್ದ ಆ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅಂಗಡಿಯಲ್ಲಿ ನಿಜವಾಗಿ ಮಾರಾಟಕ್ಕಿದ್ದುದು ಆ ಮಾತೊಂದೇ.

ಕಿಟಕಿಯ ಹತ್ತಿರ ತಮ್ಮನ ಹೊಲಿಗೆಮಣೆ ಇತ್ತು. ಬಿಚ್ಚಿಹೋದ ಹೊಲಿಗೆ ಕೂಡಿಸುವುದು, ಒಣಗಿದ ತೊಗಲಿಗೆ ಜೀವ ತರುವುದು ಅವನ ಪಾಲಿನ ಕೆಲಸವಾಗಿತ್ತು. ಅಪ್ಪ ಅವನ ಕೈಯನ್ನು ಊರೆಲ್ಲ ಹೊಗಳಿ, ಅವನೆದುರು ಮಾತ್ರ ತೆಗಳುತ್ತಿದ್ದ. ಕೇಳಿ ಕೇಳಿ ಸಾಕಾಗಿ ತಮ್ಮ ಒಂದು ದಿನ ದಲ್ಲಾಳಿಯ ಗೋದಾಮಿನ ಹಿಂದೆ ಕೋಣೆ ಹಿಡಿದು ಹೊರಟುಹೋದ. ಹೋದವನು ಸುಡುವ ಜ್ವರದಲ್ಲಿ ಸತ್ತು ವರ್ಷವಾಗುತ್ತ ಬಂದಿತ್ತು. ಮಣೆಯ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಯಾರೂ ಹೇಳಿರಲೂ ಇಲ್ಲ.

ಅದೇ ದಲ್ಲಾಳಿ, ಮಾತಿನ ಸವಿಯಿಂದ ಸಕ್ಕರೆ ಎಂದೇ ಹೆಸರಾದವನು, ಒಂದು ಮಧ್ಯಾಹ್ನ ಹೆಗಲುಪಟ್ಟಿಯೊಂದನ್ನು ತಂದ. ಯಾವುದೋ ಹಳೆಯ ಬಂಗಲೆಯ ಅಟ್ಟದಲ್ಲಿ ಸಿಕ್ಕಿತಂತೆ. ಬಕಲಿನ ಹತ್ತಿರ ಲಂಗರಿನ ಮುದ್ರೆ. ಮುಚ್ಚಿಹೋಗಿ ಮೂರು ತಲೆಮಾರಾದ ಕಾರ್ಖಾನೆಯದು; ಕೂಡಿಡುವವರು ಇದಕ್ಕಾಗಿ ಪ್ರಾಣ ಬಿಡುತ್ತಾರೆ. ಲಂಗರಿನ ಅಡ್ಡಕ್ಕೆ ಕೂದಲೆಳೆಯಂಥ ಏರುಗೆರೆ ಎದ್ದಿತ್ತು. ಉಕ್ಕಿನ ಅಚ್ಚಿನಲ್ಲಿ ಬಿರುಕು ಬಿಟ್ಟರೆ ತೊಗಲಿನಲ್ಲಿ ಹಾಗೆ ಗೆರೆಯೇಳುತ್ತದೆ. ನಕಲಿ ಮಾಡುವವರು ಅಚ್ಚನ್ನು ಬಿರುಕು ಬಿಡುವಷ್ಟು ಕಾಲ ಬಳಸುವುದಿಲ್ಲ ಎಂಬುದು ಈ ಕಸುಬಿನಲ್ಲಿ ಎಲ್ಲರೂ ನಂಬಿದ ಮಾತು. ಅಪ್ಪ ಕೆಮ್ಮಿದ. ಇಬ್ಬರೂ ಅಸಲಿ ಎಂದರು.

ಆಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಮೂರನೆಯದನ್ನು ಉಜ್ಜಿದ ಕಾಗದವನ್ನು ಹಿಂದಿನ ಎರಡರ ಪಕ್ಕ ಇಟ್ಟಾಗ ಭೂತಗನ್ನಡಿ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲನೆಯದರಲ್ಲಿ ಲಂಗರನ್ನು ಪೂರ್ತಿ ಸೀಳಿದ್ದ ಬಿರುಕು ಎರಡನೆಯದರಲ್ಲಿ ಮುಕ್ಕಾಲಿಗೆ ನಿಂತಿತ್ತು. ಮೂರನೆಯದರಲ್ಲಿ ಅರ್ಧಕ್ಕೇ ಬಂದಿತ್ತು. ಬಿರುಕು ಬೆಳೆಯುತ್ತದೆ, ಒಡೆದ ಹಾಲು ಕೂಡುವುದುಂಟೆ? ಇಲ್ಲಿ ಅಚ್ಚು ಗುಣವಾಗುತ್ತಿತ್ತು.

ಸಕ್ಕರೆ ಯಾವುದೋ ಪೆಟ್ಟಿಗೆಯನ್ನು ಮೇಲಿನಿಂದ ಬರಿದು ಮಾಡುತ್ತಿದ್ದಾನೆ, ಕಡೆಗೆ ಮಾಡಿದ್ದು ಮೊದಲು ಕೈಗೆ ಸಿಕ್ಕಿದೆ ಎಂದು ಅವಳ ಬುದ್ಧಿ ಹೇಳಿತು. ಆದರೆ ದೀಪವನ್ನು ಇನ್ನಷ್ಟು ಬಾಗಿಸಿದಾಗ ಬುದ್ಧಿ ಬಾಯಿ ಮುಚ್ಚಿತು. ಮುದ್ರೆಯ ಸುತ್ತ ಮಸುಕಾದ ಗೀರೊಂದು ಕಂಡಿತು, ಉಗುರಿನದು. ತೊಗಲಿನ ಮೇಲೆ ಏನೇ ಒತ್ತಿದರೂ ಉಬ್ಬಿದ ಅಂಚನ್ನು ಹೆಬ್ಬೆರಳ ಉಗುರಿನಿಂದ ಸುತ್ತ ಗೀರಿ ತಗ್ಗಿಸುವುದು ತಮ್ಮನ ಚಾಳಿಯಾಗಿತ್ತು. ಚಿಕ್ಕಂದಿನಲ್ಲಿ ಅದಕ್ಕಾಗಿ ಬೆರಳ ಗಿಣ್ಣಿಗೆ ಎಷ್ಟು ಏಟು ತಿಂದಿದ್ದನೋ, ಚಾಳಿ ಮಾತ್ರ ಬಿಟ್ಟಿರಲಿಲ್ಲ.

ಆ ದಿನವೂ ಅಪ್ಪ ಕೆಮ್ಮಿದ. ನಕಲಿ ಎಂದರೆ ಯಾರದು ಎಂದು ಕೇಳುತ್ತಾನೆ. ಯಾರದು ಎಂದು ಹೇಳಿದರೆ ಮಗನನ್ನು ಎರಡನೆಯ ಸಲ ಹೂಳಬೇಕಾಗುತ್ತದೆ, ಈ ಸಲ ಕಳ್ಳನೆಂದು. ಅವಳು ಅಸಲಿ ಎಂದಳು. ಅಪ್ಪನ ಬಾಯಿಂದಲೂ ಅದೇ ಬಂತು; ಮುದುಕನ ಬೆರಳು ಮೊಂಡಾಯಿತೆಂದು ಅವಳಿಗೆ ಮರುಕವೂ ಹುಟ್ಟಿತು, ಸಮಾಧಾನವೂ ಆಯಿತು.

ಪಟ್ಟಿಗಳು ಬರುತ್ತಲೇ ಇದ್ದವು, ಅವಳು ಸುಳ್ಳು ಹೇಳುತ್ತಲೇ ಇದ್ದಳು, ಅವುಗಳನ್ನು ಕೊಂಡವರು ಕುಣಿಯುತ್ತ ಹೋಗುತ್ತಿದ್ದರು. ಪ್ರತಿಯೊಂದರಲ್ಲೂ ತಮ್ಮ ಒಂದಿಷ್ಟು ಎಳೆಯವನಾಗುತ್ತಿದ್ದ. ಹೊಲಿಗೆ ಸೊಟ್ಟಗಾಯಿತು. ಉಗುರಿನ ಗೀರು ದಪ್ಪವಾಯಿತು. ಎಡಚನಾದ ಅವನ ಸುತ್ತಿಗೆಯ ಏಟು ಒಂದು ಮಗ್ಗುಲಿಗೆ ವಾಲತೊಡಗಿತು. ಸತ್ತವರು ದೂರವಾಗುತ್ತ ಹೋಗಬೇಕು, ಅದು ಲೋಕರೂಢಿ. ಇವನು ಬೆನ್ನು ಮುಂದಾಗಿ ಒಂದೊಂದೇ ಹೆಜ್ಜೆ ನಡೆದು ಮನೆಗೆ ಬರುತ್ತಿದ್ದ. ಗಿರಾಕಿಗಳಿಲ್ಲದ ಮಟಮಟ ಮಧ್ಯಾಹ್ನ, ಕನ್ನಡಿಯಲ್ಲಿ ಕಣ್ಣಿಟ್ಟು ಕೂತಾಗ, ಮಣೆಯ ಮೇಲೆ ಯಾರೋ ಬೆನ್ನು ಹಾಕಿ ಕೂತಿದ್ದಾರೆ ಎಂದು ಅವಳಿಗೆ ಖಾತ್ರಿಯಾಗುತ್ತಿತ್ತು. ಕಣ್ಣು ತೆಗೆದು ನೋಡಿದರೆ ಇಲ್ಲ. ನೋಡದಿದ್ದರೆ ಇದ್ದಾನೆ. ಹಾಗಾಗಿ ಅವಳು ನೋಡುವುದನ್ನು ಬಿಟ್ಟಳು.

ಮೋಡ ಕವಿದ ಒಂದು ಬೆಳಿಗ್ಗೆ ಸಕ್ಕರೆ ಬಂದು ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟ.

"ಇದೇ ಕಡೇದು ಅಕ್ಕಾವ್ರೇ. ಪೆಟ್ಟಿಗೆ ತಳ ಕಾಣಿಸ್ತು. ನೀವಿಬ್ರೂ ಒಂದು ಒಳ್ಳೆ ಮಾತು ಹೇಳ್ಬಿಟ್ರೆ, ಗಿರಾಕಿ ಹೊರಗಡೆ ಕಾಯ್ತಾ ಇದ್ದಾನೆ."

ಭೂತಗನ್ನಡಿ ದೀಪ ಬಾಗಿಸಿದಳು. ಲಂಗರಿನಲ್ಲಿ ಬಿರುಕೇ ಇರಲಿಲ್ಲ. ಮೊದಲ ಏಟು ಜಾರಿ, ಮತ್ತೊಮ್ಮೆ ಹೊಡೆದು, ಲಂಗರಿಗೆ ಜೋಡಿ ನೆರಳು ಬಿದ್ದಿತ್ತು. ಸುತ್ತ ಉಗುರು ಗೀರಿದ್ದು ಕನ್ನಡಿಯಿಲ್ಲದೆಯೂ ಕಾಣುತ್ತಿತ್ತು. ಇನ್ನೂ ಮನೆಯಲ್ಲಿದ್ದಾಗ ಕದ್ದು ಮಾಡಿ, ಅಪ್ಪ ಬೈದಾನೆಂದು ಹೆದರಿ, ಮುಚ್ಚಿಹಾಕಲು ಗೀರಿ ಗೀರಿ ಇನ್ನಷ್ಟು ಕೆಡಿಸಿದ ಹುಡುಗನ ಕೆಲಸ. ಇದನ್ನು ಅಸಲಿ ಎಂದರೆ ಹಾದಿಯಲ್ಲಿ ಹೋಗುವ ದಾಸಯ್ಯನೂ ನಗುತ್ತಾನೆ, ಅಂಗಡಿಯ ಮಾತು ಅಲ್ಲಿಗೆ ಮುಗಿಯಿತು. ನಕಲಿ ಎಂದರೆ ಅಪ್ಪನಿಗೆ ಮಗ ಮುಗಿದ. ಅವಳು ಪಟ್ಟಿಯನ್ನು ಅಪ್ಪನ ಕೈಗೆ ಕೊಟ್ಟಳು.

ಅಪ್ಪನ ಹೆಬ್ಬೆರಳು ಲಂಗರನ್ನು ಮುಟ್ಟಿತು, ಜೋಡಿ ನೆರಳನ್ನು ದಾಟಿತು, ಗೀರಿನ ಸುತ್ತ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಸಕ್ಕರೆ ಹವಾಮಾನದ ಬಗ್ಗೆ ಏನೋ ಹೇಳಿದ. ಕೊನೆಗೆ ಅಪ್ಪ ಕೆಮ್ಮಿದ.

"ನಕಲಿ," ಎಂದಳು ಮಗಳು.

ಅವಳ ದನಿ ಒಂಟಿಯಾಗಿ ಬಿತ್ತು. ಅಪ್ಪ ಬಾಯಿ ತೆರೆದಿರಲೇ ಇಲ್ಲ.

ಸಕ್ಕರೆಯ ಸವಿ ಅರ್ಧ ಕರಗಿತು. ತಾನು ಯಾವ ಪಾಪವನ್ನೂ ಅರಿಯದವನು, ಪೆಟ್ಟಿಗೆ ಗೋದಾಮಿನ ಹಿಂದಿನ ಖಾಲಿ ಕೋಣೆಯಲ್ಲಿ ಸಿಕ್ಕಿದ್ದು, ಯಾರ ಕೋಣೆ ಎಂದು ಯಜಮಾನರೂ ಕೇಳಲಿಲ್ಲ, ತಾನೂ ಹೇಳಲಿಲ್ಲ ಎಂದು ಬಡಬಡಿಸಿದ. ಅಪ್ಪ ಕೈಯಲ್ಲೇ ಬಾಗಿಲು ತೋರಿಸಿದ. ಪಟ್ಟಿ ವಾಪಸು ಕೇಳುವ ಧೈರ್ಯವಾಗದೆ ಸಕ್ಕರೆ ಬರಿಗೈಯಲ್ಲಿ ಹೋದ.

"ಯಾವಾಗಿಂದ ಗೊತ್ತು ನಿಂಗೆ?" ಅಪ್ಪ ಕೇಳಿದ.

"ಮೂರನೇದರಿಂದ." "ನಿನಗೆ ಗೊತ್ತಾಗಬಾರದು ಅಂತ ಸುಮ್ನಿದ್ದೆ ಅಪ್ಪಾ."

"ನಂಗೆ ಮೊದಲನೇದರಿಂದ್ಲೇ ಗೊತ್ತು."

"ಮತ್ತೆ ಅಸಲಿ ಅಂದ್ಯಲ್ಲ, ಪ್ರತಿ ಸಲ?"

"ನಕಲಿ ಅಂದಿದ್ರೆ ಆ ಸಕ್ಕರೆ ಇನ್ನೊಂದು ತರ್ತಿದ್ನೇನೇ?"

ಅಷ್ಟು ಹೇಳಿ ಅಪ್ಪ ಪಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡ, ನಿದ್ದೆಗಣ್ಣಿನ ಮಗುವನ್ನು ಎಳೆದುಕೊಳ್ಳುವ ಹಾಗೆ. ಜೀವಮಾನವೆಲ್ಲ ಮಾತಿಗೆ ಎರಡಿಲ್ಲ ಎನ್ನಿಸಿಕೊಂಡವನು, ಮಗನ ಬೆರಳನ್ನು ಇನ್ನೊಮ್ಮೆ ಮುಟ್ಟಲೆಂದು ಆ ಮಾತನ್ನೇ ಒಂದೊಂದಾಗಿ ಮಾರಿಕೊಂಡಿದ್ದ. ಈಗ ಪೆಟ್ಟಿಗೆ ಬರಿದಾಗಿತ್ತು.

ಮರುದಿನ ಅಪ್ಪ ಮಗಳನ್ನು ಕೂರಿಸಿಕೊಂಡು ಕಾಗದ ಬರೆಸಿ, ಲಂಗರಿನ ಪಟ್ಟಿ ಕೊಂಡವರಿಗೆಲ್ಲ ಹೇಳಿ ಕಳಿಸಿದ: ನಮ್ಮ ಬೆರಳು ತಪ್ಪಿದೆ, ಪಟ್ಟಿ ತಂದುಕೊಡಿ, ಬದಲಿಗೆ ಗೋಡೆಯ ಮೇಲಿರುವ ಯಾವ ಅಸಲಿಯನ್ನಾದರೂ ಆರಿಸಿಕೊಂಡು ಹೋಗಿ. ಬೀದಿ ಬೆರಗಾಯಿತು. ಇಂಥ ಪ್ರಾಮಾಣಿಕತೆ ಪುರಾಣದಲ್ಲೂ ಇಲ್ಲ ಎಂದು ಎದುರುಮನೆಯಾಕೆಯೂ ಒಪ್ಪಿದಳು. ಅದು ಪ್ರಾಮಾಣಿಕತೆಯಲ್ಲ, ಶುದ್ಧ ದುರಾಸೆ ಎಂಬುದು ಮಗಳೊಬ್ಬಳಿಗೆ ಗೊತ್ತಿತ್ತು. ತಪ್ಪನ್ನು ತನ್ನ ಬೆರಳಿನ ಮೇಲೆ ಹಾಕಿಕೊಂಡ ಅಪ್ಪ ಮಗನ ಹೆಸರನ್ನು ಎಲ್ಲೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಹೀಗೆ ಅಸಲಿಗಳೆಲ್ಲ ಬಾಗಿಲು ದಾಟಿ ಹೋದವು, ನಕಲಿಗಳು ಒಳಗೆ ಬಂದವು. ಬೆರಳು ತಪ್ಪಿದ ಅಂಗಡಿಗೆ ಮುದ್ರೆ ಕೇಳಲು ಮತ್ತೆ ಯಾರೂ ಬರಲಿಲ್ಲ. ಬರಿದಾದ ಗೋಡೆಯ ಮೇಲೆ ಲಂಗರಿನ ಪಟ್ಟಿಗಳು ಮಾತ್ರ ಸಾಲಾಗಿ ತೂಗಾಡಿದವು. ಈ ಸಲ ಮಾಡಿದ ಕ್ರಮದಲ್ಲೇ, ಬಿರುಕಿಲ್ಲದ್ದರಿಂದ ಬಿರುಕು ಪೂರ್ತಿಯಾದದ್ದರವರೆಗೆ. ಗಾಳಿಯಿಲ್ಲದಾಗಲೂ ಅವು ಒಮ್ಮೊಮ್ಮೆ ಅಲುಗುವುದನ್ನು ಭೂತಗನ್ನಡಿ ಕಂಡಳು. ಕಂಡು, ತನ್ನ ಕೆಲಸ ನೋಡಿಕೊಂಡಳು.

ದಿನಾ ಬೆಳಿಗ್ಗೆ ಅಪ್ಪ ಗೋಡೆ ಹಿಡಿದು ಹೊರಡುತ್ತಾನೆ. ಜೋಡಿ ನೆರಳಿನ ಲಂಗರಿನಿಂದ ಆರಂಭಿಸಿ ಒಂದೊಂದರ ಮೇಲೂ ಹೆಬ್ಬೆರಳಿಟ್ಟು, ಇಲ್ಲಿ ಕೈ ಪಳಗಿತು ನೋಡು, ಇಲ್ಲಿ ಅವಸರ ಮಾಡಿದ್ದಾನೆ, ಇದನ್ನ ನಾನೂ ಹೀಗೆ ಹೊಲೀತಿರಲಿಲ್ಲ ಎಂದು ಬದುಕಿದ್ದಾಗ ಅವನೆದುರು ಆಡದ ಹೊಗಳಿಕೆಯನ್ನೆಲ್ಲ ತೊಗಲಿನ ಮುಂದೆ ಆಡುತ್ತಾನೆ. ಸಾಲಿನ ಕೊನೆಗೆ, ಮಗ ಕಡೆಯದಾಗಿ ಮಾಡಿದ ಪಟ್ಟಿಯ ಹತ್ತಿರ ಬಂದಾಗ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ.

"ಅದೊಂದು ಇರ್ಲಿ," ಎನ್ನುತ್ತಾನೆ ಮಗಳಿಗೆ. "ಅದನ್ನ ನಾಳೆ ನೋಡ್ತೀನಿ."